ಕಾಗದದ ಮೇಲೆ ಕಳವಾದ ಮಕ್ಕಳು

ಮಕ್ಕಳ ಕಳ್ಳರೆಂದರೆ ನಮ್ಮ ಕಣ್ಣಮುಂದೆ ಬರುವುದು ಕತ್ತಲು, ಗೋಣಿಚೀಲ, ಗುರುತು ಸಿಗದ ಮುಖ. ಅಮೆರಿಕದ ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರದಲ್ಲಿ 1924ರಿಂದ 1950ರವರೆಗೆ, ಇಪ್ಪತ್ತಾರು ವರ್ಷಗಳ ಕಾಲ, ಹಾಡಹಗಲಿನಲ್ಲೇ ಮಕ್ಕಳ ಕಳವು ನಡೆಯಿತು. ಅದನ್ನು ನಡೆಸಿದವರು ಊರಿಗೆಲ್ಲ ಪರಿಚಿತರು, ಸಭೆ ಸಮಾರಂಭಗಳಲ್ಲಿ ಹಾರ ಹಾಕಿಸಿಕೊಂಡವರು. ಅವರಿಗೆ ಬೇಕಾಗಿದ್ದ ಸಲಕರಣೆಗಳೂ ಸರಳ: ಒಂದು ದೊಡ್ಡ ಕಾರು, ಒಂದು ಅರ್ಜಿ ನಮೂನೆ, ಒಂದು ಸಹಿ, ಕೊನೆಗೆ ನ್ಯಾಯಾಲಯದ ಒಂದು ಮೊಹರು. ಈ ಕೃತ್ಯಕ್ಕೆ ಇಟ್ಟಿದ್ದ ಹೆಸರು ‘ದತ್ತು’.

ಈ ಪ್ರಕರಣ ಬಹುಕಾಲ ಅಮೆರಿಕದಲ್ಲೇ ಮರೆತುಹೋಗಿತ್ತು. ಅದನ್ನು ಲಕ್ಷಾಂತರ ಓದುಗರ ಮುಂದೆ ತಂದು ನಿಲ್ಲಿಸಿದ್ದು ಒಂದು ಐತಿಹಾಸಿಕ ಕಾದಂಬರಿ. 2017ರಲ್ಲಿ ಪ್ರಕಟವಾದ ಲೀಸಾ ವಿಂಗೇಟ್ ಅವರ ‘ಬಿಫೋರ್ ವಿ ವರ್ ಯುವರ್ಸ್’ ಅಮೆರಿಕದಲ್ಲಿ ಬಹುಕಾಲ ಅತಿಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿತ್ತು. ಕಾದಂಬರಿಯನ್ನು ಓದಿ ಮುಗಿಸಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಇದು ನಿಜವಾಗಿ ನಡೆದದ್ದೇ?’ ಆ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಒಬ್ಬ ಖಳನಾಯಕಿಯ ಕಥೆಗಿಂತ ದೊಡ್ಡದಾದ ಇನ್ನೊಂದು ಕಥೆ ಎದುರಾಗುತ್ತದೆ. ಅದು ಸುಳ್ಳು ದಾಖಲೆಗಳ ಕಥೆ.

ದೋಣಿಮನೆಯ ಐವರು ಮಕ್ಕಳು

ಕಾದಂಬರಿಯ ಕಾಲ 1939. ಅಮೆರಿಕವನ್ನು ಕಾಡಿದ ಮಹಾ ಆರ್ಥಿಕ ಕುಸಿತದಿಂದ ಜನ ಇನ್ನೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ಮನೆ ಬಾಡಿಗೆ ಕಟ್ಟಲಾಗದ ಎಷ್ಟೋ ಕುಟುಂಬಗಳು ಮಿಸಿಸಿಪ್ಪಿ ನದಿಯ ಮೇಲೆ ಮರದ ದೋಣಿಮನೆಗಳಲ್ಲಿ ಬದುಕುತ್ತಿದ್ದವು. ಅಂತಹ ಒಂದು ದೋಣಿಮನೆಯಲ್ಲಿ ಹನ್ನೆರಡು ವರ್ಷದ ರಿಲ್ ಫಾಸ್ ಎಂಬ ಹುಡುಗಿ ತನ್ನ ಮೂವರು ತಂಗಿಯರು ಮತ್ತು ಪುಟ್ಟ ತಮ್ಮನೊಂದಿಗೆ ಇದ್ದಾಳೆ. ಬಿರುಗಾಳಿಯ ಒಂದು ರಾತ್ರಿ ತಾಯಿಗೆ ಹೆರಿಗೆ ಕಷ್ಟವಾಗುತ್ತದೆ. ತಂದೆ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೊಣೆ ರಿಲ್‌ಳದ್ದು. ಅಪ್ಪ ಅಮ್ಮ ಇಲ್ಲದ ಹೊತ್ತಿನಲ್ಲಿ ಪೊಲೀಸರು ಬಂದು ಐವರನ್ನೂ ಹಿಡಿದು ಸಾಗಿಸುತ್ತಾರೆ. ತಂದೆತಾಯಿಯರನ್ನು ನೋಡಲು ಹೋಗುತ್ತಿದ್ದೇವೆ ಎಂದು ನಂಬಿದ್ದ ಮಕ್ಕಳು ಬಂದು ಸೇರುವುದು ಟೆನೆಸ್ಸೀ ಚಿಲ್ಡ್ರನ್ಸ್ ಹೋಮ್ ಸೊಸೈಟಿಯ ವಶದಲ್ಲಿದ್ದ ಒಂದು ಮನೆಗೆ. ಅಲ್ಲಿ ಮೊದಲು ಕಳೆದುಹೋಗುವುದು ಅವರ ಹೆಸರು. ರಿಲ್ ಫಾಸ್ ಮೇ ವೆದರ್ಸ್ ಆಗುತ್ತಾಳೆ. ಆನಂತರ ಒಬ್ಬೊಬ್ಬರಾಗಿ ಮಕ್ಕಳು ಬೇರೆಬೇರೆ ಮನೆಗಳಿಗೆ ಹಂಚಿಹೋಗುತ್ತಾರೆ.

ಕಾದಂಬರಿಯ ಇನ್ನೊಂದು ಎಳೆ ನಮ್ಮ ಕಾಲದ್ದು. ದಕ್ಷಿಣ ಕೆರೋಲಿನಾದ ಪ್ರತಿಷ್ಠಿತ ರಾಜಕೀಯ ಮನೆತನದ ಯುವ ವಕೀಲೆ ಏವರಿ ಸ್ಟಾಫರ್ಡ್‌ಗೆ ತನ್ನ ಅಜ್ಜಿಯ ಹಿಂದಿನ ಬದುಕಿನಲ್ಲಿ ಏನೋ ಮುಚ್ಚಿಟ್ಟದ್ದಿದೆ ಎಂಬ ಸುಳಿವು ಸಿಗುತ್ತದೆ. ಅವಳ ಹುಡುಕಾಟ ಮತ್ತು ರಿಲ್‌ಳ ನೆನಪು, ಎರಡೂ ಒಂದನ್ನೊಂದು ಸೇರುವುದೇ ಕಥೆಯ ಓಟ.

ರಿಲ್, ಏವರಿ, ಅವರ ಕುಟುಂಬಗಳು ಎಲ್ಲವೂ ಲೇಖಕಿಯ ಕಲ್ಪನೆ. ಆದರೆ ಸೊಸೈಟಿ ಕಲ್ಪನೆಯಲ್ಲ. ಅದನ್ನು ನಡೆಸುತ್ತಿದ್ದ ಹೆಂಗಸು ಕಾದಂಬರಿಯಲ್ಲಿ ತನ್ನ ನಿಜ ಹೆಸರಿನಲ್ಲೇ ಕಾಣಿಸಿಕೊಳ್ಳುತ್ತಾಳೆ. ಆಕೆಯ ಹೆಸರು ಜಾರ್ಜಿಯಾ ಟ್ಯಾನ್.

ನ್ಯಾಯಾಧೀಶರ ಮಗಳು

ಜಾರ್ಜಿಯಾ ಟ್ಯಾನ್ ಹುಟ್ಟಿದ್ದು 1891ರಲ್ಲಿ, ಮಿಸಿಸಿಪ್ಪಿ ರಾಜ್ಯದಲ್ಲಿ. ತಂದೆ ನ್ಯಾಯಾಧೀಶ. ದಿಕ್ಕಿಲ್ಲದ ಮಕ್ಕಳನ್ನು ಎಲ್ಲಿ ಸೇರಿಸಬೇಕೆಂದು ತೀರ್ಮಾನಿಸುವ ಪ್ರಕರಣಗಳು ಅವರ ಮುಂದೆ ಬರುತ್ತಿದ್ದವು. ಮಗಳು ಇದನ್ನೆಲ್ಲ ನೋಡುತ್ತಲೇ ಬೆಳೆದಳು. ತಂದೆಯ ಬಳಿಯೇ ಕಾನೂನು ಓದಿ ವಕೀಲಿ ಪರೀಕ್ಷೆಯಲ್ಲೂ ತೇರ್ಗಡೆಯಾದಳು. ಆದರೆ ಅಂದಿನ ದಿನಗಳಲ್ಲಿ ಆ ಭಾಗದ ಹೆಂಗಸರು ಕರಿಕೋಟು ಹಾಕುವುದು ಅಪರೂಪ. ಆಕೆ ಸಮಾಜ ಸೇವೆಯ ದಾರಿ ಹಿಡಿದಳು. ಮಿಸಿಸಿಪ್ಪಿಯ ಒಂದು ಮಕ್ಕಳ ಸಂಸ್ಥೆಯಲ್ಲಿ ಕೆಲಸಕ್ಕಿದ್ದಾಗ, ಮಕ್ಕಳನ್ನು ತಂದು ಕೊಡುವ ಆಕೆಯ ರೀತಿಯ ಬಗ್ಗೆ ಆಕ್ಷೇಪ ಬಂದು ಅಲ್ಲಿಂದ ಹೊರಬೀಳಬೇಕಾಯಿತು. 1924ರಲ್ಲಿ ಮೆಂಫಿಸ್‌ಗೆ ಬಂದು ಟೆನೆಸ್ಸೀ ಚಿಲ್ಡ್ರನ್ಸ್ ಹೋಮ್ ಸೊಸೈಟಿಯ ಸ್ಥಳೀಯ ಶಾಖೆಯ ಆಡಳಿತ ವಹಿಸಿಕೊಂಡಳು.

ಆ ಕಾಲದ ಅಮೆರಿಕದಲ್ಲಿ ದತ್ತು ಪದ್ಧತಿ ಇಂದಿನಷ್ಟು ಬಳಕೆಯಲ್ಲಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನಮ್ಮಲ್ಲಿ ವಂಶ ಉಳಿಯಲಿ, ಪಿಂಡ ಹಾಕಲು ಒಬ್ಬನಿರಲಿ ಎಂದು ಬಂಧುಗಳ ಮಗನನ್ನು ದತ್ತು ತೆಗೆದುಕೊಳ್ಳುವ ರೂಢಿ ಹಿಂದಿನಿಂದಲೂ ಇತ್ತು. ಗುರುತು ಪರಿಚಯವಿಲ್ಲದ ಬಡವರ ಮಗುವನ್ನು ಮನೆ ತುಂಬಿಸಿಕೊಳ್ಳಲು ಅಮೆರಿಕದ ಮಧ್ಯಮ ವರ್ಗ ಹಿಂಜರಿಯುತ್ತಿತ್ತು. ‘ಕೆಟ್ಟ ರಕ್ತ’ ಮನೆಗೆ ಬಂದೀತೆಂಬ ಭಯ. ಟ್ಯಾನ್ ಆ ಭಯವನ್ನು ತಿರುಗಿಸಿಬಿಟ್ಟಳು. ಮಗು ಎಂದರೆ ಏನೂ ಬರೆಯದ ಹಲಗೆ, ಒಳ್ಳೆಯ ಮನೆಗೆ ಕೊಟ್ಟರೆ ಒಳ್ಳೆಯದೇ ಆಗುತ್ತದೆ ಎಂದು ಪ್ರಚಾರ ಮಾಡಿದಳು. ಕೇಳಲು ಇದು ಉದಾರ ಮಾತು. ಆದರೆ ಆಕೆಯ ಲೆಕ್ಕದಲ್ಲಿ ‘ಒಳ್ಳೆಯ ಮನೆ’ ಎಂದರೆ ಹಣವಿರುವ ಮನೆ. ಬಡತನವೇ ತಾಯ್ತನಕ್ಕೆ ಅನರ್ಹತೆ. ಬಡವರ ಮಗುವನ್ನು ಸಿರಿವಂತರಿಗೆ ದಾಟಿಸಿದರೆ ಅದು ಕಳವಲ್ಲ, ಉದ್ಧಾರ ಎಂಬ ವಾದ ಇಲ್ಲಿಂದ ಹುಟ್ಟಿತು.

ವ್ಯಾಪಾರವೂ ಜೋರಾಗಿಯೇ ನಡೆಯಿತು. 1929ರಿಂದ ಕ್ರಿಸ್‌ಮಸ್ ಹಬ್ಬದ ಸಮಯಕ್ಕೆ ಮೆಂಫಿಸ್‌ನ ಪತ್ರಿಕೆಯಲ್ಲಿ ಮಕ್ಕಳ ಫೋಟೋಗಳು ಅಚ್ಚಾಗತೊಡಗಿದವು. ಹಬ್ಬಕ್ಕೆ ಬೊಂಬೆ ಕೊಳ್ಳುವ ಬದಲು ಜೀವಂತ ಬೊಂಬೆಯೊಂದನ್ನು ಮನೆಗೆ ಒಯ್ಯಿರಿ ಎಂಬ ಧಾಟಿಯ ಜಾಹೀರಾತು ಅದು. ಓದಿದವರು ಮೆಚ್ಚಿಕೊಂಡರು. ಈ ಮಕ್ಕಳು ಎಲ್ಲಿಂದ ಬಂದವು ಎಂದು ಕೇಳಿದವರು ಕಡಿಮೆ.

ಮಕ್ಕಳು ಬಂದ ದಾರಿ

ಸೊಸೈಟಿಯ ವಶಕ್ಕೆ ಬಂದ ಎಲ್ಲ ಮಕ್ಕಳೂ ಕದ್ದವರಲ್ಲ. ನಿಜವಾದ ಅನಾಥರಿದ್ದರು. ಸಾಕಲಾಗದೆ ತಾವಾಗಿಯೇ ಒಪ್ಪಿಸಿದವರ ಮಕ್ಕಳೂ ಇದ್ದರು. ಉಳಿದವರನ್ನು ತಂದ ಬಗೆಗಳು ನಂತರದ ತನಿಖೆ ಮತ್ತು ಸಂತ್ರಸ್ತರ ಹೇಳಿಕೆಗಳಿಂದ ಒಂದೊಂದಾಗಿ ಹೊರಬಂದವು.

ಮದುವೆಯಾಗದ ಬಸುರಿಯರು ಮೊದಲ ಗುರಿ. ಹೆರಿಗೆಯ ನೋವು, ಮಂಪರಿನ ಔಷಧಿಯ ಅಮಲು ಇಳಿಯುವ ಮೊದಲೇ ಅವರ ಕೈಗೆ ಕಾಗದ ಕೊಟ್ಟು ಸಹಿ ಹಾಕಿಸಲಾಗುತ್ತಿತ್ತು. ಮಾಮೂಲಿ ಆಸ್ಪತ್ರೆಯ ಕಾಗದ ಎಂದುಕೊಂಡವರಿಗೆ ತಾವು ಮಗುವಿನ ಹಕ್ಕನ್ನೇ ಬಿಟ್ಟುಕೊಟ್ಟೆವೆಂದು ತಿಳಿಯುತ್ತಿದ್ದುದು ಆಮೇಲೆ. ಕೆಲವರಿಗೆ ಮಗು ಸತ್ತೇ ಹುಟ್ಟಿತೆಂದು ಹೇಳಲಾಯಿತು. ಕಷ್ಟಕಾಲದಲ್ಲಿ ಕೆಲವು ತಿಂಗಳ ಮಟ್ಟಿಗೆ ಮಕ್ಕಳನ್ನು ನೋಡಿಕೊಳ್ಳಿ ಎಂದು ಬಿಟ್ಟುಹೋದ ತಂದೆತಾಯಿಗಳು ಮರಳಿ ಬಂದಾಗ ಮಕ್ಕಳು ಇರಲಿಲ್ಲ. ಬಡವರ ಕೇರಿಗಳಲ್ಲಿ ಜಗಲಿಯ ಮೇಲೆ ಆಡುತ್ತಿದ್ದ, ಶಾಲೆಯಿಂದ ಮನೆಗೆ ನಡೆದು ಹೋಗುತ್ತಿದ್ದ ಮಕ್ಕಳನ್ನು ‘ಕಾರಿನಲ್ಲಿ ಒಂದು ಸುತ್ತು ಬರೋಣ’ ಎಂದು ಕರೆದೊಯ್ದದ್ದೂ ಉಂಟು. ಕಾರನ್ನು ಹತ್ತಿರದಿಂದ ಕಂಡಿರದ ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಸೆ ಬೇರೊಂದು ಬೇಕಿರಲಿಲ್ಲ.

1940ರ ದಶಕದಲ್ಲಿ ನಡೆದ ಒಂದು ಪ್ರಸಂಗವನ್ನು ನೋಡಬಹುದು. ಹಸುಗೂಸಿಗೆ ಮೈ ಸರಿಯಿರಲಿಲ್ಲ. ಸಭ್ಯ ಉಡುಪಿನ ಹೆಂಗಸೊಬ್ಬಳು ಮನೆಗೆ ಬಂದು, ಮಗುವನ್ನು ತಾನೇ ಆಸ್ಪತ್ರೆಗೆ ಸೇರಿಸುತ್ತೇನೆ, ಖರ್ಚಿಲ್ಲ ಎಂದಳು. ತಾಯಿ ಒಪ್ಪಿದಳು. ಆನಂತರ ಮಗು ತೀರಿಕೊಂಡಿತು, ಮಣ್ಣೂ ಮಾಡಿಯಾಯಿತು ಎಂದು ತಿಳಿಸಲಾಯಿತು. ತಾಯಿ ನಂಬಲಿಲ್ಲ, ಆದರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲದ ಬಡವಳ ಮಾತನ್ನು ಕೇಳುವವರು ಯಾರು? ನಾಲ್ಕು ದಶಕಗಳ ನಂತರ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಜಾರ್ಜಿಯಾ ಟ್ಯಾನ್‌ಳ ಭಾವಚಿತ್ರ ಕಂಡಾಗ ಅಂದು ಮನೆಗೆ ಬಂದವಳು ಇವಳೇ ಎಂದು ಆ ತಾಯಿ ಗುರುತು ಹಿಡಿದಳು. ಹುಡುಕಿದಾಗ ಮಗಳು ಇನ್ನೊಂದು ರಾಜ್ಯದಲ್ಲಿ ಜೀವಂತವಾಗಿದ್ದಳು, ಬೇರೆಯ ಹೆಸರಿನಲ್ಲಿ.

ಬೇಲಿಯೇ ಹೊಲ ಮೇಯ್ದಾಗ

ಒಬ್ಬ ಹೆಂಗಸು ಇಷ್ಟೆಲ್ಲವನ್ನು ಒಂಟಿಯಾಗಿ ಮಾಡಲು ಸಾಧ್ಯವಿರಲಿಲ್ಲ. ಮಕ್ಕಳನ್ನು ಕಾಯಬೇಕಾಗಿದ್ದ ಒಂದೊಂದು ವ್ಯವಸ್ಥೆಯೂ ಇಲ್ಲಿ ಆಕೆಯ ಪಕ್ಕ ನಿಂತಿತ್ತು.

ಮೆಂಫಿಸ್‌ನ ಬಾಲ ನ್ಯಾಯಾಲಯದ ನ್ಯಾಯಾಧೀಶೆ ಕ್ಯಾಮಿಲ್ ಕೆಲ್ಲಿ. 1920ರಲ್ಲಿ ಆ ಪೀಠಕ್ಕೆ ಬಂದವರು, ಅಮೆರಿಕದ ದಕ್ಷಿಣ ರಾಜ್ಯಗಳ ಮೊದಮೊದಲ ಮಹಿಳಾ ನ್ಯಾಯಾಧೀಶರಲ್ಲಿ ಒಬ್ಬರು. ಮಕ್ಕಳ ಬಗ್ಗೆ ಅಪಾರ ಕಾಳಜಿಯುಳ್ಳವರೆಂದು ಪತ್ರಿಕೆಗಳು ಅವರನ್ನು ಹೊಗಳಿದ್ದವು. ಅವರ ಪೀಠದಿಂದಲೇ ಗಂಡನನ್ನು ಕಳೆದುಕೊಂಡ, ಗಂಡ ಬಿಟ್ಟುಹೋದ ಹೆಂಗಸರ ಮಕ್ಕಳ ಹಕ್ಕು ರದ್ದಾಗಿ ಮಕ್ಕಳು ಟ್ಯಾನ್‌ಳ ವಶಕ್ಕೆ ಹೋದವು. ಸಹಾಯಧನ ಕೇಳಲು ಸರ್ಕಾರದ ಬಾಗಿಲಿಗೆ ಬಂದ ತಾಯಿಯೇ ‘ಸಾಕಲಾರದವಳು’ ಎಂಬ ಪಟ್ಟಿಗೆ ಸೇರಿಬಿಡುತ್ತಿದ್ದಳು.

ಇವರಿಬ್ಬರ ಹಿಂದೆ ಇ. ಎಚ್. ಕ್ರಂಪ್. ‘ಬಾಸ್ ಕ್ರಂಪ್’ ಎಂದೇ ಹೆಸರಾದ ಈ ರಾಜಕಾರಣಿ ಮೆಂಫಿಸ್ ನಗರವನ್ನು ದಶಕಗಳ ಕಾಲ ಬೆರಳ ತುದಿಯಲ್ಲಿ ಆಡಿಸಿದವನು. ಪೊಲೀಸರು, ನಗರಾಡಳಿತ, ಚುನಾವಣೆ ಎಲ್ಲದರ ಮೇಲೂ ಅವನ ಹಿಡಿತ. ಅವನ ನೆರಳಿದ್ದಷ್ಟು ಕಾಲ ಟ್ಯಾನ್‌ಳ ವಿರುದ್ಧದ ದೂರುಗಳು ದೂರುಗಳಾಗಿಯೇ ಉಳಿದವು. ಕೆಲವು ವೈದ್ಯರು, ದಾದಿಯರು, ಸಮಾಜ ಕಾರ್ಯಕರ್ತರು ಆಕೆಗೆ ಮಕ್ಕಳ ಸುಳಿವು ಕೊಡುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ನಮ್ಮ ಗಾದೆಗೆ ಇದಕ್ಕಿಂತ ಕ್ರೂರ ಉದಾಹರಣೆ ಸಿಗಲಾರದು.

ಹಣದ ಲೆಕ್ಕ ಹೀಗಿತ್ತು. ಟೆನೆಸ್ಸೀ ರಾಜ್ಯದೊಳಗಿನ ದತ್ತುವಿಗೆ ಪಡೆಯಬಹುದಾಗಿದ್ದ ಶುಲ್ಕ ಸುಮಾರು 7 ಡಾಲರ್. ಆದ್ದರಿಂದ ಆಕೆಯ ಕಣ್ಣು ಹೊರರಾಜ್ಯಗಳ ಮೇಲೆ, ಮುಖ್ಯವಾಗಿ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾಗಳ ಮೇಲೆ ಬಿತ್ತು. ಅಲ್ಲಿನವರಿಂದ ಮಗುವೊಂದಕ್ಕೆ ನೂರಾರು ಡಾಲರ್, ಕೆಲವೊಮ್ಮೆ 5,000 ಡಾಲರ್‌ವರೆಗೂ ವಸೂಲಾಯಿತು. ಒಂದೇ ಪ್ರಯಾಣದಲ್ಲಿ ಹಲವು ಮಕ್ಕಳನ್ನು ಕರೆದೊಯ್ದು ಪ್ರತಿಯೊಂದು ಮನೆಯಿಂದಲೂ ಪೂರ್ತಿ ಪ್ರಯಾಣದ ಖರ್ಚು ಪಡೆಯುವುದು ಆಕೆಯ ಕ್ರಮ. ಇದರ ಬಹುಪಾಲು ಸಂಸ್ಥೆಯ ಲೆಕ್ಕಕ್ಕೆ ಬಾರದೆ ಆಕೆಯ ಕೈಸೇರಿತು. ಒಟ್ಟು ಗಳಿಕೆ 10 ಲಕ್ಷ ಡಾಲರ್ ಮೀರಿತ್ತು ಎಂಬುದು ನಂತರದ ಅಂದಾಜು.

ಗ್ರಾಹಕರಲ್ಲಿ ಹಾಲಿವುಡ್‌ನ ದೊಡ್ಡ ಹೆಸರುಗಳೂ ಇದ್ದವು. ನಟಿ ಜೋನ್ ಕ್ರಾಫರ್ಡ್ ಅವಳಿ ಹೆಣ್ಣುಮಕ್ಕಳನ್ನು ಪಡೆದದ್ದು ಇಲ್ಲಿಂದ. ನಟ ಡಿಕ್ ಪೊವೆಲ್ ಮತ್ತು ನಟಿ ಜೂನ್ ಆಲಿಸನ್ ದಂಪತಿ ಮಗುವನ್ನು ತಂದದ್ದೂ ಇಲ್ಲಿಂದಲೇ. ದತ್ತು ಪಡೆದವರೆಲ್ಲ ಪಾಪಿಗಳೆಂದು ಹೇಳಲಾಗದು. ಬಹುಪಾಲು ಮಂದಿಗೆ ಮಗು ಬಂದ ದಾರಿಯ ಅರಿವೇ ಇರಲಿಲ್ಲ. ಅವರಿಗೆ ಕೊಟ್ಟ ಕಾಗದಗಳಲ್ಲಿ ಮಗುವಿನ ತಂದೆ ವೈದ್ಯಕೀಯ ವಿದ್ಯಾರ್ಥಿ, ತಾಯಿ ಒಳ್ಳೆಯ ಮನೆತನದವಳು ಎಂಬಂತಹ ವಿವರಗಳಿರುತ್ತಿದ್ದವು. ಅನುಮಾನ ಬಂದು ಪ್ರಶ್ನೆ ಕೇಳಿದವರಿಗೆ ಮಗುವನ್ನು ವಾಪಸು ತೆಗೆದುಕೊಳ್ಳುತ್ತೇನೆ ಎಂಬ ಬೆದರಿಕೆ ಕಾದಿತ್ತು. ಎದೆಗವಚಿಕೊಂಡ ಮಗುವನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬಂದೀತು? ಅವರೂ ಬಾಯಿ ಮುಚ್ಚಿಕೊಂಡರು.

ಹೆಸರು ಅಳಿಸುವ ಕಲೆ

ಹೆಸರು ಬದಲಾದರೆ ತಾಯಿಗೆ ಮಗು ಸಿಗದು. ಹುಟ್ಟಿದ ದಿನ ಬದಲಾದರೆ ಮಗುವಿಗೆ ತಾಯಿ ಸಿಗಳು. ಟ್ಯಾನ್ ಎರಡನ್ನೂ ಬದಲಿಸಿದಳು. ಒಡಹುಟ್ಟಿದವರನ್ನು ಬೇರ್ಪಡಿಸಿದಳು. ಹಳೆಯ ಕಾಗದಗಳನ್ನು ನಾಶಮಾಡಿದಳು. ಮಕ್ಕಳನ್ನು ಒಪ್ಪಿಸಿದ ದಾಖಲೆಗಳನ್ನು ಸೊಸೈಟಿ ನಾಶಪಡಿಸುತ್ತಿದೆ ಎಂಬ ಕಾರಣಕ್ಕೆ 1941ರಲ್ಲಿ ‘ಚೈಲ್ಡ್ ವೆಲ್‌ಫೇರ್ ಲೀಗ್ ಆಫ್ ಅಮೆರಿಕ’ ಅದಕ್ಕೆ ನೀಡಿದ್ದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಆದರೂ ಸೊಸೈಟಿಯ ಬಾಗಿಲು ಇನ್ನೂ ಒಂಬತ್ತು ವರ್ಷ ತೆರೆದೇ ಇತ್ತು.

ಈ ಗೋಜಲು ಎಷ್ಟಿತ್ತೆಂಬುದಕ್ಕೆ ಅಮೆರಿಕದ ಹೆಸರಾಂತ ವೃತ್ತಿಪರ ಕುಸ್ತಿಪಟು ರಿಕ್ ಫ್ಲೇರ್ ಸಾಕ್ಷಿ. 1949ರಲ್ಲಿ ಮೆಂಫಿಸ್‌ನಲ್ಲಿ ಹುಟ್ಟಿದ ಆತ ಸೊಸೈಟಿಯ ಮೂಲಕ ದತ್ತು ಹೋದವರು. ತನ್ನ ಜನ್ಮದಾಖಲೆಗಳಲ್ಲಿ ಒಂದೊಂದರಲ್ಲಿ ಒಂದೊಂದು ಉಪನಾಮವಿದೆ ಎಂದು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಕುಸ್ತಿ ಅಖಾಡದಲ್ಲಿ ಲಕ್ಷಾಂತರ ಜನ ಕೂಗಿದ ಹೆಸರು ಅವರದ್ದು. ಹುಟ್ಟಿದಾಗಿನ ಹೆಸರು ಯಾವುದೆಂದು ಮಾತ್ರ ಕಾಗದಗಳೇ ಒಪ್ಪುವುದಿಲ್ಲ.

ಕಾನೂನೂ ಇದೇ ದಿಕ್ಕಿನಲ್ಲಿ ಸಾಗುತ್ತಿತ್ತು. ದತ್ತು ಮಗುವಿನ ಮೂಲ ಜನನ ಪ್ರಮಾಣಪತ್ರವನ್ನು ಮೊಹರು ಮಾಡಿ ಬದಿಗಿಟ್ಟು, ದತ್ತು ತಂದೆತಾಯಿಯರೇ ಹೆತ್ತವರೆಂದು ಕಾಣುವಂತೆ ಹೊಸ ಪ್ರಮಾಣಪತ್ರ ಕೊಡುವ ಪದ್ಧತಿ ಒಂದೊಂದೇ ರಾಜ್ಯದಲ್ಲಿ ಜಾರಿಗೆ ಬಂತು. ನ್ಯೂಯಾರ್ಕ್‌ನಲ್ಲಿ 1935ರಲ್ಲಿ ಇಂತಹ ಶಾಸನಕ್ಕೆ ಅಂಕಿತ ಹಾಕಿದವರು ಗವರ್ನರ್ ಹರ್ಬರ್ಟ್ ಲೇಮನ್. ಟ್ಯಾನ್‌ಳ ಮೂಲಕ ಮಗುವನ್ನು ದತ್ತು ಪಡೆದವರ ಪಟ್ಟಿಯಲ್ಲಿ ಅವರ ಹೆಸರೂ ಬರುತ್ತದೆ. ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ಕಳಂಕ ತಟ್ಟದಿರಲಿ ಎಂಬುದು ಇಂತಹ ಶಾಸನಗಳಿಗೆ ಕೊಟ್ಟ ಕಾರಣ. ಕಾರಣ ಸುಳ್ಳಲ್ಲ. ಆದರೆ ಅದೇ ಪರದೆಯ ಹಿಂದೆ ಕಳ್ಳನೂ ಅಡಗಿಕೊಳ್ಳಬಹುದೆಂದು ಶಾಸನ ಮಾಡಿದವರು ಯೋಚಿಸಿದಂತಿಲ್ಲ.

ಮಹಾಭಾರತದ ಕರ್ಣನನ್ನು ಬಲ್ಲ ನಮಗೆ ಇದರ ನೋವು ಬೇಗ ಅರ್ಥವಾಗುತ್ತದೆ. ನದಿಯಲ್ಲಿ ತೇಲಿಬಂದ ಮಗುವನ್ನು ರಾಧೆ ಪ್ರೀತಿಯಿಂದಲೇ ಸಾಕಿದಳು. ಆ ಪ್ರೀತಿ ನಿಜ. ಆದರೂ ತಾನು ಯಾರೆಂಬ ಪ್ರಶ್ನೆ ಕರ್ಣನನ್ನು ರಣರಂಗದವರೆಗೂ ಬೆನ್ನಟ್ಟಿತು. ಒಂದು ವ್ಯತ್ಯಾಸವಿದೆ. ಕುಂತಿ ಅಂಜಿ ತಾನೇ ಮಗುವನ್ನು ಹೊಳೆಗೆ ಬಿಟ್ಟಳು. ಮೆಂಫಿಸ್‌ನ ಎಷ್ಟೋ ತಾಯಂದಿರು ಬಿಟ್ಟಿರಲೇ ಇಲ್ಲ.

ಲೆಕ್ಕಕ್ಕೆ ಸಿಗದ ಸಾವುಗಳು

ಟ್ಯಾನ್‌ಳ ಅವಧಿಯಲ್ಲಿ ಸುಮಾರು 5,000 ಮಕ್ಕಳು ದತ್ತು ಹೋದರೆಂದು ಅಂದಾಜಿದೆ. ಕಾದಂಬರಿಯ ಓದುಗರನ್ನು ಹೆಚ್ಚು ಕಲಕುವುದು ದತ್ತು ಹೋಗದ ಮಕ್ಕಳ ಕಥೆ. ಹಾಸಿಗೆ ಸಾಲದ ಮನೆಗಳು, ತರಬೇತಿಯಿಲ್ಲದ ಆಯಾಗಳು, ಹೊಡೆತ, ಹಸಿವು, ಲೈಂಗಿಕ ದೌರ್ಜನ್ಯ. ಕಾಯಿಲೆ ಬಿದ್ದ ಕೂಸುಗಳಿಗೆ ವೈದ್ಯರು ಹೇಳಿದ ಆರೈಕೆ ಸಿಗಲಿಲ್ಲ. 1945ರಲ್ಲಿ ಭೇದಿ ಹರಡಿ ಕೆಲವೇ ತಿಂಗಳುಗಳಲ್ಲಿ ಸುಮಾರು 40ರಿಂದ 50 ಮಕ್ಕಳು ಸತ್ತವು. ಇಡೀ ಅವಧಿಯಲ್ಲಿ ಸತ್ತ ಮಕ್ಕಳ ಸಂಖ್ಯೆ ಸುಮಾರು 500 ಎನ್ನುತ್ತಾರೆ. ದಾಖಲೆ ಇಡದವರ ಮನೆಯಲ್ಲಿ ಸಾವಿನ ಲೆಕ್ಕವೂ ಅಂದಾಜೇ. ಈ ಪೈಕಿ 19 ಮಕ್ಕಳನ್ನು ಮೆಂಫಿಸ್‌ನ ಎಲ್ಮ್‌ವುಡ್ ಸ್ಮಶಾನದಲ್ಲಿ ಗುರುತಿನ ಕಲ್ಲೂ ಇಲ್ಲದೆ ಹೂಳಲಾಗಿತ್ತು. ಅವರಿಗೊಂದು ಸ್ಮಾರಕಶಿಲೆ ನಿಂತದ್ದು 2015ರಲ್ಲಿ.

ಮೂರು ದಿನದ ಅಂತರ

ಟ್ಯಾನ್‌ಳ ಪತನಕ್ಕೆ ಕಾರಣವಾದದ್ದು ತಾಯಂದಿರ ಕಣ್ಣೀರಲ್ಲ, ಚುನಾವಣೆ. 1948ರಲ್ಲಿ ಕ್ರಂಪ್ ಬೆಂಬಲಿಸಿದವರನ್ನು ಸೋಲಿಸಿ ಗಾರ್ಡನ್ ಬ್ರೌನಿಂಗ್ ಟೆನೆಸ್ಸೀ ಗವರ್ನರ್ ಆದರು. ಸೊಸೈಟಿಯ ವ್ಯವಹಾರದ ತನಿಖೆಗೆ ರಾಬರ್ಟ್ ಟೇಲರ್ ಎಂಬ ವಕೀಲರನ್ನು ನೇಮಿಸಿದರು. 1950ರ ಸೆಪ್ಟೆಂಬರ್ 12ರಂದು ಪತ್ರಿಕಾಗೋಷ್ಠಿ ಕರೆದು, ಟ್ಯಾನ್ ಅಕ್ರಮವಾಗಿ ಹಣ ಮಾಡಿರುವುದಾಗಿ ಗವರ್ನರ್ ಪ್ರಕಟಿಸಿದರು. ಆ ವೇಳೆಗೆ ಆಕೆ ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದಳು. ಸೆಪ್ಟೆಂಬರ್ 15ರಂದು ತೀರಿಕೊಂಡಳು. ನ್ಯಾಯಾಲಯದ ಕಟಕಟೆ ಹತ್ತಲೇ ಇಲ್ಲ. ನವೆಂಬರಿನಲ್ಲಿ ಕ್ಯಾಮಿಲ್ ಕೆಲ್ಲಿ ರಾಜೀನಾಮೆ ಕೊಟ್ಟರು. ಅವರ ಮೇಲೂ ಮೊಕದ್ದಮೆ ಬರಲಿಲ್ಲ. ಸೊಸೈಟಿಯ ಮೆಂಫಿಸ್ ಶಾಖೆ ಬಾಗಿಲು ಹಾಕಿತು.

ತನಿಖೆ ಬೆನ್ನು ಹತ್ತಿದ್ದು ಮುಖ್ಯವಾಗಿ ಹಣವನ್ನು. ಸರ್ಕಾರಕ್ಕೆ ಸೇರಬೇಕಾಗಿದ್ದ ಡಾಲರುಗಳು ಎಲ್ಲಿ ಹೋದವು ಎಂಬುದು ಪ್ರಶ್ನೆಯಾಯಿತು. ಮಕ್ಕಳು ಎಲ್ಲಿ ಹೋದರು ಎಂಬುದು ಪ್ರಶ್ನೆಯಾಗಲಿಲ್ಲ. ಅದಕ್ಕೂ ಮೀರಿ, 1951ರಲ್ಲಿ ಟೆನೆಸ್ಸೀ ಶಾಸಕರು ನಡೆದುಹೋದ ದತ್ತುಗಳನ್ನು ಹಿಂದಿನಿಂದಲೇ ಸಿಂಧುಗೊಳಿಸಿದರು, ದಾಖಲೆಗಳಿಗೆ ಮೊಹರು ಒತ್ತಿದರು. ಈಗಾಗಲೇ ಹೊಸ ಮನೆಗಳಲ್ಲಿ ಬೇರೂರಿದ ಮಕ್ಕಳನ್ನು ಕೀಳುವುದು ಬೇಡ ಎಂಬ ಸಮರ್ಥನೆ ಇದಕ್ಕಿತ್ತು. ಆದರೆ ಪ್ರಭಾವಿಗಳ ಮನೆಗಳಲ್ಲಿ ಬೆಳೆಯುತ್ತಿದ್ದ ಮಕ್ಕಳ ಕಡತ ತೆರೆಯುವ ಧೈರ್ಯ ಯಾರಿಗೂ ಇರಲಿಲ್ಲ ಎಂದು ಬರೆದವರೂ ಇದ್ದಾರೆ. ಕಾರಣ ಯಾವುದೇ ಇರಲಿ, ಕಳ್ಳಿ ಬರೆದ ಸುಳ್ಳಿಗೆ ಸರ್ಕಾರವೇ ಬೀಗ ಹಾಕಿದಂತಾಯಿತು.

ಆ ಬೀಗ ತೆಗೆಯಲು ನಾಲ್ಕು ದಶಕಗಳೇ ಬೇಕಾದವು. ದತ್ತು ಹೋದವರು ನಡುವಯಸ್ಸು ದಾಟಿದ ಮೇಲೆ ಸಂಘ ಕಟ್ಟಿಕೊಂಡು ಹೋರಾಡಿದರು. 1995ರಲ್ಲಿ ಟೆನೆಸ್ಸೀ ಶಾಸನ ಸಭೆ ದಾಖಲೆಗಳನ್ನು ತೆರೆಯಲು ಒಪ್ಪಿತು. ಅದನ್ನು ಪ್ರಶ್ನಿಸಿ ಕೆಲವರು ನ್ಯಾಯಾಲಯಕ್ಕೆ ಹೋದರು. 1999ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಶಾಸನವನ್ನು ಎತ್ತಿಹಿಡಿಯಿತು. ನ್ಯೂಯಾರ್ಕ್‌ನಲ್ಲಂತೂ 1935ರ ಪರದೆ ಸರಿದದ್ದು 2020ರ ಜನವರಿಯಲ್ಲಿ. ಅಷ್ಟರಲ್ಲಿ ಬಹುಪಾಲು ತಾಯಂದಿರು ಕಣ್ಣು ಮುಚ್ಚಿದ್ದರು.

ಕಾದಂಬರಿ ಕೊಟ್ಟದ್ದು, ಬಿಟ್ಟದ್ದು

ಈ ಪ್ರಕರಣ ಕಲೆಗೆ ವಸ್ತುವಾದದ್ದು ಇದೇ ಮೊದಲಲ್ಲ. 1993ರಲ್ಲಿ ‘ಸ್ಟೋಲನ್ ಬೇಬೀಸ್’ ಎಂಬ ಟೆಲಿಚಿತ್ರ ಬಂದಿತ್ತು. ಅದರಲ್ಲಿ ಟ್ಯಾನ್ ಪಾತ್ರ ವಹಿಸಿದ್ದ ಮೇರಿ ಟೈಲರ್ ಮೂರ್ ಎಮ್ಮಿ ಪ್ರಶಸ್ತಿ ಪಡೆದರು. 2007ರಲ್ಲಿ ಬಾರ್ಬರಾ ಬೈಸಾಂಟ್ಜ್ ರೇಮಂಡ್ ‘ದಿ ಬೇಬಿ ಥೀಫ್’ ಎಂಬ ಸಂಶೋಧನಾ ಗ್ರಂಥ ಬರೆದರು. ಆದರೂ ಕಾದಂಬರಿ ತಟ್ಟಿದಷ್ಟು ಮನೆಬಾಗಿಲುಗಳನ್ನು ಅವು ತಟ್ಟಲಿಲ್ಲ.

ಇದಕ್ಕೆ ಒಂದು ಕಾರಣ ಸ್ಪಷ್ಟ. ಇತಿಹಾಸಕಾರ ನಂಬುವುದು ದಾಖಲೆಯನ್ನು. ಇಲ್ಲಿ ದಾಖಲೆಯೇ ಅಪರಾಧದ ಸಾಧನ. ಆ ಕಡತಗಳಲ್ಲಿ ಟ್ಯಾನ್‌ಳ ಮಾತಿದೆ, ನ್ಯಾಯಾಧೀಶರ ಆದೇಶವಿದೆ, ಕೊಂಡವರ ವಿಳಾಸವಿದೆ. ಮಗುವಿನ ಮಾತು ಮಾತ್ರ ಎಲ್ಲೂ ಇಲ್ಲ. ದೋಣಿಮನೆಯ ರಿಲ್ ಫಾಸ್ ಎಂಬವಳು ಇರಲಿಲ್ಲವೆಂಬುದು ನಿಜ. ಆದರೆ ತಮ್ಮನ ಕೈ ಬಿಡದೆ ಹಿಡಿದು ನಿಂತ ಅಕ್ಕಂದಿರು ಇದ್ದರು. ಅವರ ಪರವಾಗಿ ಮಾತನಾಡಲು ಕಲ್ಪನೆಯೊಂದೇ ಉಳಿದಿತ್ತು. ಕಾದಂಬರಿ ಬಂದ ಮೇಲೆ ನಿಜ ಜೀವನದ ರಿಲ್‌ಗಳು ಲೇಖಕಿಯನ್ನು ಹುಡುಕಿಕೊಂಡು ಬಂದರು. 2018ರಲ್ಲಿ ಮೆಂಫಿಸ್‌ನಲ್ಲಿ ಅಂತಹ ಹಲವರು ಒಂದೆಡೆ ಸೇರಿದರು. ಅವರ ಹೇಳಿಕೆಗಳನ್ನು ಪತ್ರಕರ್ತೆ ಜೂಡಿ ಕ್ರಿಸ್ಟಿ ಮತ್ತು ವಿಂಗೇಟ್ ಒಟ್ಟಾಗಿ 2019ರಲ್ಲಿ ‘ಬಿಫೋರ್ ಅಂಡ್ ಆಫ್ಟರ್’ ಎಂಬ ಪುಸ್ತಕವಾಗಿ ತಂದರು. ಕಲ್ಪನೆಯ ಕಥೆಯೊಂದು ನಿಜವಾದ ಸಾಕ್ಷಿಗಳನ್ನು ಕರೆತಂದ ಅಪರೂಪದ ಸಂದರ್ಭವಿದು.

ಕಾದಂಬರಿಗೆ ಅದರದೇ ಮಿತಿಯೂ ಇದೆ. ಕಥೆಗೆ ಒಬ್ಬ ಖಳರು ಬೇಕು. ಟ್ಯಾನ್ ಆ ಜಾಗವನ್ನು ಪೂರ್ತಿ ತುಂಬುತ್ತಾಳೆ. ಪುಸ್ತಕ ಮುಚ್ಚಿದವರಿಗೆ ಆಕೆ ಸತ್ತಳು, ಪಿಡುಗು ತೊಲಗಿತು ಎಂಬ ಸಮಾಧಾನ ಸಿಕ್ಕಿಬಿಡಬಹುದು. ಇತಿಹಾಸ ಅಷ್ಟು ಸಮಾಧಾನ ಕೊಡುವುದಿಲ್ಲ. ಟ್ಯಾನ್‌ಗೆ ಒಂದು ಸಹಿ ಬೇಕಾದಾಗಲೆಲ್ಲ ಹಾಕಲು ಯಾರೋ ಒಬ್ಬರು ಸಿಕ್ಕರು ಎಂಬುದನ್ನು ಅದು ನೆನಪಿಸುತ್ತದೆ.

ಮೆಂಫಿಸ್‌ನ ಆಚೆ

ಅದೇ ತಂತ್ರ ಬೇರೆ ದೇಶಗಳಲ್ಲೂ ಕಾಣಿಸಿಕೊಂಡಿದೆ. ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ 2025ರ ಮಾರ್ಚ್‌ನಲ್ಲಿ, ವಿದೇಶಗಳಿಗೆ ದತ್ತು ಕಳುಹಿಸಲು ತಂದೆತಾಯಿ ಇದ್ದ ಮಕ್ಕಳನ್ನೂ ಅನಾಥರೆಂದು ದಾಖಲೆ ಸೃಷ್ಟಿಸಲಾಗಿತ್ತು ಎಂದು ಪ್ರಕಟಿಸಿತು. ನಮ್ಮ ನೆರೆಯ, ಅಂದಿನ ಅವಿಭಜಿತ ಆಂಧ್ರಪ್ರದೇಶದಲ್ಲಿ 1999 ಮತ್ತು 2001ರಲ್ಲಿ, ಬಡ ಲಂಬಾಣಿ ತಾಂಡಾಗಳಿಂದ ಹೆಣ್ಣು ಕೂಸುಗಳನ್ನು ಅಲ್ಪ ಹಣಕ್ಕೆ ಪಡೆದು ದತ್ತು ಕೇಂದ್ರಗಳಿಗೆ ಸಾಗಿಸಿದ ಹಗರಣ ಬಯಲಾಯಿತು.

ಭಾರತದ ಕಾನೂನು ಈ ಅಪಾಯವನ್ನು ಗುರುತಿಸಿಲ್ಲವೆಂದಲ್ಲ. ವಿದೇಶಗಳಿಗೆ ಮಕ್ಕಳನ್ನು ಕಳುಹಿಸುವುದರಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ್ ಪಾಂಡೆ ಸುಪ್ರೀಂ ಕೋರ್ಟ್‌ಗೆ ಬರೆದ ಪತ್ರವೇ ಅರ್ಜಿಯಾಗಿ, 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ಪೀಠ ವಿವರವಾದ ಮಾರ್ಗಸೂಚಿ ನೀಡಿತು. 1990ರಲ್ಲಿ ಕೇಂದ್ರ ದತ್ತು ಸಂಸ್ಥೆ ‘ಕಾರಾ’ ಸ್ಥಾಪನೆಯಾಯಿತು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಗುವನ್ನು ಒಪ್ಪಿಸುವ ತಂದೆತಾಯಿಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತಿಳಿವಳಿಕೆ ಹೇಳಬೇಕು, ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶ ಕೊಡಬೇಕು. ಸಿಕ್ಕಿದ ಮಗುವಾದರೆ ಹೆತ್ತವರಿಗಾಗಿ ಹುಡುಕಾಟ ನಡೆಯಬೇಕು. ಮಗುವನ್ನು ಮಾರುವುದು, ಕೊಳ್ಳುವುದು ಐದು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿ ದಂಡಕ್ಕೆ ಗುರಿಯಾಗುವ ಅಪರಾಧ.

ಮಗುವಿಗಾಗಿ ಕಾಯುತ್ತಿರುವ ದಂಪತಿಗಳಿಗೆ ಈ ನಿಯಮಗಳು ಕಿರಿಕಿರಿ ಎನಿಸುವುದುಂಟು. ಇಷ್ಟೊಂದು ಕಾಗದ ಏಕೆ, ಇಷ್ಟು ವಿಳಂಬ ಏಕೆ ಎಂದು ಗೊಣಗುವವರನ್ನು ನಾವು ನೋಡುತ್ತೇವೆ. ಅವರ ಸಂಕಟ ಸುಳ್ಳಲ್ಲ. ಆದರೆ ಮೆಂಫಿಸ್‌ನ ಕಥೆ ಓದಿದ ಮೇಲೆ ಆ ಎರಡು ತಿಂಗಳನ್ನು ಬೇರೆ ರೀತಿಯಲ್ಲಿ ನೋಡಬೇಕಾಗುತ್ತದೆ. ಔಷಧಿಯ ಮಂಪರಿನಲ್ಲಿ ಸಹಿ ಹಾಕಿದ ಆ ಹೆಂಗಸರಿಗೆ ಅಮಲು ಇಳಿಯಲು, ಕಾಗದ ಓದಲು, ‘ಇಲ್ಲ, ನನ್ನ ಮಗು ನನಗೆ ಬೇಕು’ ಎಂದು ಹೇಳಲು ಬೇಕಾಗಿದ್ದದ್ದು ಅಷ್ಟೇ ಕಾಲ. ಅದನ್ನು ಅವರಿಗೆ ಯಾರೂ ಕೊಡಲಿಲ್ಲ.